ಊಟ ಬಿಟ್ಟ ದಿನದ ಸೂಜಿ

“ಬಟ್ಟೆ ಹಿಗ್ಗಿತೋ, ಕೂಸು ಕುಗ್ಗಿತೋ?”

ಹೊಲಿಗೆ ಯಂತ್ರದ ಮುಂದೆ ಕೂತ ತಾಯಿ ಯಾರನ್ನು ಕೇಳಿದಳೋ, ಅಂಗಡಿಯಲ್ಲಿ ಯಾರೂ ಇರಲಿಲ್ಲ. ಮಗಳ ಶಾಲೆಯ ಲಂಗ ಅವಳೇ ಅಳತೆ ಹಿಡಿದು ಹೊಲಿದದ್ದು. ಈಗ ಸೊಂಟದಲ್ಲಿ ನಿಲ್ಲುತ್ತಿಲ್ಲ.

ಮಗಳನ್ನು ಮನೆಯಲ್ಲಿ ಕರೆಯುವುದು ಗುಬ್ಬಿ ಎಂದು. ಊಟವೇನೂ ಕಡಿಮೆಯಾಗಿರಲಿಲ್ಲ. ಆದರೆ ಎಷ್ಟು ನೀರು ಕುಡಿದರೂ ದಾಹ, ಮತ್ತೆ ಮತ್ತೆ ಮೂತ್ರ. ಎಂದೋ ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವುದೂ ಶುರುವಾಗಿತ್ತು.

“ಅತ್ತೆ, ಇವಳನ್ನ ಡಾಕ್ಟರಿಗೆ ತೋರಿಸೋಣ್ವಾ?”

“ನೀರು ಕುಡಿಯೋದಕ್ಕೂ ಡಾಕ್ಟರಾ? ಮಕ್ಕಳು ಉದ್ದ ಬೆಳೆಯೋವಾಗ ಅಗಲ ಕಳ್ಕೋತಾರೆ ಕಣಮ್ಮ. ನಿನ್ನ ಗಂಡನೂ ಕಡ್ಡಿ ಹಾಗಿದ್ದ. ಈಗ ನೋಡು, ಒಂದು ಅಂಗಿಗೆ ಒಂದೂವರೆ ಅಂಗಿಯ ಬಟ್ಟೆ ನುಂಗ್ತಾನೆ.”

ಮರುದಿನ ಗುಬ್ಬಿ ವಾಂತಿ ಮಾಡಿಕೊಂಡಳು. ಹೊಟ್ಟೆನೋವೆಂದು ಮುದುಡಿ ಮಲಗಿದಳು. ಹೊಲಿಯಲು ಕೊಟ್ಟ ಅಂಗಿ ಒಯ್ಯಲು ಬಂದ ಪಕ್ಕದ ಬೀದಿಯ ನರ್ಸಮ್ಮ, ಮಗುವನ್ನು ಕಂಡವಳೇ ಬಳಿ ಬಂದು ಬಾಗಿದಳು. ಗುಬ್ಬಿಗೆ ಓಡಿಬಂದವಳಂತೆ ಆಳವಾದ ಏದುಸಿರು. ಉಸಿರಿನಲ್ಲಿ ಕಳಿತ ಹಣ್ಣಿನ ವಾಸನೆ.

“ಅಕ್ಕಾ, ಮಿಷನ್ ನಿಲ್ಲಿಸಿ. ಇವಳನ್ನ ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು.”

“ಸ್ವಲ್ಪ ಮಲಗಲಿ, ಸಂಜೆಗೆ ನೋಡೋಣ,” ಎಂದರು ಅಜ್ಜಿ.

“ಸಂಜೆವರೆಗೆ ಕಾಯೋ ಕಾಯಿಲೆ ಅಲ್ಲ ಅಜ್ಜಿ ಇದು. ಜೀವಕ್ಕೇ ಕುತ್ತು ಬರುತ್ತೆ.”

ಆಸ್ಪತ್ರೆಯಲ್ಲಿ ಬೆರಳ ತುದಿಯ ಒಂದು ಹನಿ ರಕ್ತ ಎಲ್ಲ ಹೇಳಿತು. ಸಕ್ಕರೆ ಅಂಶ ಮಿತಿಮೀರಿತ್ತು. ಡ್ರಿಪ್ಪು ಹಾಕಿದರು, ಇನ್ಸುಲಿನ್ ಕೊಟ್ಟರು. ತಾಯಿ ಮಂಚದ ಕಾಲು ಹಿಡಿದು ದೇವರನ್ನು ಕರೆಯುತ್ತ ಕೂತಳು. ಕೊನೆಗೆ ಗುಬ್ಬಿ ಕಣ್ಣು ಬಿಟ್ಟು ನೀರು ಕೇಳಿದಳು.

“ಸಿಹಿ ಕೊಟ್ಟು ಕೊಟ್ಟು ನಾನೇ ಕೆಡಿಸಿದೆನೇನೋ.” ಅಜ್ಜಿ ಗುಬ್ಬಿಯ ಹಣೆ ಸವರಿದರು.

ನರ್ಸಮ್ಮ ಪಕ್ಕದಲ್ಲಿ ಕೂತಳು. “ಇಲ್ಲ ಅಜ್ಜಿ. ಇದು ಟೈಪ್ ಒನ್ ಸಕ್ಕರೆ ಕಾಯಿಲೆ. ಯಾರ ತಪ್ಪೂ ಅಲ್ಲ. ಇವಳ ಮೈ ಇನ್ಸುಲಿನ್ ತಯಾರಿಸೋದು ನಿಲ್ಲಿಸಿದೆ. ಅದಿಲ್ದೆ ಸಕ್ಕರೆ ರಕ್ತದಲ್ಲೇ ಉಳಿಯುತ್ತೆ, ಮೈ ಉಪವಾಸ ಬೀಳುತ್ತೆ. ದಿನಾ ಇನ್ಸುಲಿನ್ ಸೂಜಿ ಹಾಕಿದ್ರೆ ಓದ್ತಾಳೆ, ಆಡ್ತಾಳೆ, ನಿಮ್ಮ ಜೊತೆ ಜಗಳಾನೂ ಆಡ್ತಾಳೆ.”

“ಸಕ್ಕರೆ ತೀರಾ ಇಳಿದ್ರೆ?” ತಾಯಿ ಕೇಳಿದಳು.

“ಕೈ ನಡುಗುತ್ತೆ, ಬೆವರುತ್ತೆ. ತಕ್ಷಣ ಸಕ್ಕರೆ ನೀರು ಕುಡಿಸಿ. ಎಚ್ಚರ ತಪ್ಪಿದ್ರೆ ಮಾತ್ರ ಬಾಯಿಗೆ ಏನೂ ಹಾಕ್ಬೇಡಿ, ಆಸ್ಪತ್ರೆಗೆ ಓಡಿ. ಇನ್ನೊಂದು ಮಾತು. ಜ್ವರ ಬಂತು, ಊಟ ಸೇರ್ಲಿಲ್ಲ ಅಂತ ಸೂಜಿ ನಿಲ್ಲಿಸ್ಬೇಡಿ. ಎಷ್ಟೋ ಮನೆಗಳಲ್ಲಿ ಎಡವೋದು ಇಲ್ಲೇ. ಊಟ ಬಿಟ್ರೂ ಮೈಗೆ ಇನ್ಸುಲಿನ್ ಬೇಕೇ ಬೇಕು, ಜ್ವರದಲ್ಲಿ ಸಕ್ಕರೆ ಇನ್ನೂ ಏರಬಹುದು. ಸಕ್ಕರೆ ಪರೀಕ್ಷೆ ಮಾಡಿ, ಎಷ್ಟು ಹಾಕ್ಬೇಕು ಅಂತ ಡಾಕ್ಟರನ್ನ ಕೇಳಿ.”

ತಾಯ್ತಂದೆಯರೇ, ಮಗು ಬಾಯಿಬಿಟ್ಟು ಹೇಳದ್ದನ್ನು ಮೈ ಹೇಳುತ್ತದೆ. ಅತಿ ದಾಹ, ಪದೇ ಪದೇ ಮೂತ್ರ, ತಿಂದರೂ ಸೊರಗುವುದು ಕಂಡರೆ ಅಂದೇ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ. ವಾಂತಿ, ಏದುಸಿರು ಸೇರಿದರೆ ಒಂದು ಗಳಿಗೆಯೂ ಕಾಯಬೇಡಿ. ಕೂಸನ್ನು ಕೊಟ್ಟ ದೇವರು ಅದನ್ನು ನೋಡಿಕೊಳ್ಳಲು ನಮಗೆ ಕಣ್ಣನ್ನೂ ಕೊಟ್ಟಿದ್ದಾನೆ.

ಮೊನ್ನೆ ಗುಬ್ಬಿಗೆ ಜ್ವರ. ಒಂದು ತುತ್ತೂ ಒಳಗೆ ಹೋಗಲಿಲ್ಲ. ತಾಯಿ ಸಕ್ಕರೆ ಪರೀಕ್ಷಿಸಿ, ಡಾಕ್ಟರಿಗೆ ಫೋನು ಮಾಡಿ, ಅವರು ಹೇಳಿದಷ್ಟೇ ಇನ್ಸುಲಿನ್ ಸಿರಿಂಜಿಗೆ ಎಳೆದುಕೊಂಡಳು. ಗುಬ್ಬಿ ಅಜ್ಜಿಯ ಮಡಿಲಲ್ಲಿ ಮುಖ ಹುದುಗಿಸಿದಳು.

“ಅಜ್ಜಿ, ನಾನು ಏನೂ ತಿಂದೇ ಇಲ್ಲ. ಇವತ್ತೊಂದು ದಿನ ಬೇಡ ಅಂತ ಅಮ್ಮಂಗೆ ಹೇಳಜ್ಜಿ.”

ಅಜ್ಜಿ ಅವಳ ತೋಳನ್ನು ತಾವೇ ಹಿಡಿದುಕೊಂಡರು.

“ಹೇಳಲ್ಲ ಕಣೇ.”