ಪೇಟದ ಕೆಳಗಿನ ಹಣೆ

ಮೇಜಿನ ಮೇಲೆ ಹಾಸಿದ ಬಿಳಿ ಪ್ಲಾಸ್ಟಿಕ್ ಹಾಳೆ ಟ್ಯೂಬ್‌ಲೈಟಿಗೆ ಥಳಥಳ ಅಂತಿದೆ, ಈಗಷ್ಟೇ ಮೆಷಿನ್ನು ಒರೆಸಿಹೋದ ಸ್ಕೇಟಿಂಗ್ ರಿಂಕಿನ ಐಸಿನ ಹಾಗೆ, ಸ್ಕೇಟ್ ಕಟ್ಟಿಕೊಂಡು ಇದರ ಮೇಲೆ ಒಂದೇ ಒಂದು ಸುತ್ತು ಹೊಡೆದರೆ ಈ ಹೂದಾನಿ, ಆ ನೀರಿನ ಬಾಟಲಿ, ಲಕ್ಷ್ಮೀನಾರಾಯಣ ಅಂಕಲ್ ಅವರ ನಾಲ್ಕು ಹಾಳೆ ಭಾಷಣ ಎಲ್ಲ ಒಟ್ಟಿಗೇ ಹಾರಿಹೋಗುತ್ತವೆ ಅಂದುಕೊಂಡು ನಿಹಾರಿಕಾ ತುಟಿಯೊಳಗೇ ನಕ್ಕಳು — ಸಿಡ್ನಿಯ ಕ್ವೇಕರ್ಸ್ ಹಿಲ್ಲಿನ ಸ್ಕೂಲ್ ಹಾಲ್, ಕನ್ನಡ ಕೂಟದ ರಾಜ್ಯೋತ್ಸವ, ಮೈಕಿನ ಮುಂದೆ ಅಧ್ಯಕ್ಷರಾದ ಅದೇ ಅಂಕಲ್, ಐಸ್ ಹಾಕಿಯಲ್ಲಿ ಕನ್ನಡದ ಬಾವುಟ ಹಾರಿಸಿದ ನಮ್ಮ ಹೆಮ್ಮೆಯ, ನಮ್ಮ ಹೆಮ್ಮೆಯ, ತಡವರಿಸಿ ಒಂದು ಗುಟುಕು ನೀರು ಕುಡಿದು, ಹೆಮ್ಮೆಯ ಕ್ರೀಡಾಪಟು ಅಂದರು, ಮಗನೂ ಅಲ್ಲ ಮಗಳೂ ಅಲ್ಲ, ಭಲೇ ಅಂಕಲ್, ಮ್ಯಾಕ್ವೆರಿ ಪಾರ್ಕಿನ ಆಫೀಸಿನಲ್ಲಿ ಇಪ್ಪತ್ತು ವರ್ಷ ಮೀಟಿಂಗಿನಲ್ಲಿ ಕೂತದ್ದು ದಂಡವಾಗಲಿಲ್ಲ. ಇದೇ ಬಾಯಿ ತಾನೇ, ನಾಲ್ಕು ವರ್ಷದ ಹಿಂದೆ ಅಮ್ಮನ ಫೋನಿನ ಸ್ಪೀಕರಿನಲ್ಲಿ, ತಪ್ಪು ತಿಳ್ಕೋಬೇಡಿ ಊರ್ಮಿಳಾ ಅವರೇ, ದೀಪಾವಳಿ ಫ್ಯಾಮಿಲಿ ಪ್ರೋಗ್ರಾಮು, ಮಕ್ಕಳೆಲ್ಲ ಬರ್ತಾರೆ, ನಿಮ್ಮ ಅನುರಾಗ್ ಸೀರೆ ಉಟ್ಕೊಂಡು ಬರೋದು ಬೇಡ ಅಂದದ್ದು — ಅಮ್ಮ ಸರಿ ಅಂದಳು, ಬರೀ ಸರಿ, ಮರುವಾರವೇ ಅನುರಾಗ್ ಅನ್ನುವ ಹೆಸರನ್ನು ಆ ಮನೆಯಲ್ಲೇ ಬಿಟ್ಟು ನಿಹಾರಿಕಾ ಆಗಿ ಮೆಲ್ಬರ್ನಿನ ಬಸ್ಸು ಹತ್ತಿದ್ದು. ಹೋದ ತಿಂಗಳು ಇಲ್ಲೇ ಸಿಡ್ನಿಯಲ್ಲಿ ಎರಡು ಗೋಲು, ಟಿವಿಯಲ್ಲಿ ಹತ್ತು ಸೆಕೆಂಡು ಮುಖ, ಈವತ್ತು ಅದೇ ಮಕ್ಕಳನ್ನು ಮೊದಲ ಸಾಲಿನಲ್ಲಿ ಕೂರಿಸಿದ್ದಾರೆ, ಚಪ್ಪಾಳೆ ಹೊಡೀರಿ ಪುಟಾಣಿಗಳೇ.

ಈ ಜನಕ್ಕೆ ಐಸ್ ಅಂದರೆ ಫ್ರಿಜ್ಜಿನ ಟ್ರೇ. ಹಾಕಿ ಹುಲ್ಲಿನ ಮೇಲಲ್ವಾ ಆಡೋದು, ಅಂತ ಬಾಗಿಲಲ್ಲೇ ಕೇಳಿದರಲ್ಲ ಒಬ್ಬರು, ಹೌದು ಅಂಕಲ್, ಹುಲ್ಲು ಸಿಗಲಿಲ್ಲ — ಅಜ್ಜಿಯೊಬ್ಬಳೇ ನೋಡಿದ್ದು, ಆರು ತಿಂಗಳ ವೀಸಾದಲ್ಲಿ ಬಂದು, ಮಂಕಿಕ್ಯಾಪಿನ ಮೇಲೆ ಶಾಲು ಸುತ್ತಿ ರಿಂಕಿನ ಬದಿಯ ಬೆಂಚಿನಲ್ಲಿ ಕೂತು, ಒಂಬತ್ತು ವರ್ಷದ ಅನುರಾಗನ ಲೇಸು ಬಿಗಿಯುತ್ತಾ ಕಥೆ ಹೇಳುತ್ತಿದ್ದಳು, ಒಂದಾನೊಂದು ಊರಲ್ಲಿ ಕನ್ನಡಿ ಕೆರೆ ಅಂತ ಇತ್ತಂತೆ, ಅದರೊಳಗೆ ಒಬ್ಬ ರಾಜಕುಮಾರಿ, ಮೇಲೆ ಓಡಾಡುವ ಜನ ಎಂಥಾ ಚಂದದ ನೆಲ ಅನ್ನೋರಂತೆ, ಕೆಳಗೆ ನೋಡೋರಿಲ್ಲ. ಆಮೇಲೆ ಯಾರು ನೋಡಿದ್ರು ಅಜ್ಜಿ? ನಾನು ನೋಡ್ದೆ. ಸೆರಗಿನ ಗಂಟು ಬಿಚ್ಚಿ, ಉಂಗುರದ ಬೆರಳಿನ ತುದಿಗೆ ಕುಂಕುಮದ ಕೆಂಪು, ಹೆಲ್ಮೆಟ್ ಹಾಕುವ ಮುಂಚೆ ಹಣೆಗೆ ಒತ್ತಿ, ತಗೋ, ಒಳಗಿರೋಳಿಗೆ. ಆ ಬೆರಳು ತಣ್ಣಗಿತ್ತು. ಆಮೇಲೆ ಒಳಗೆ ನೋಡಬಂದವರಿಗೆಲ್ಲ ಬೇಕಾದದ್ದು ಸೂಜಿ — ಎರಡು ವರ್ಷ ಆಟವಿಲ್ಲದೆ ಮೆಲ್ಬರ್ನಿನ ವಿಂಡಮ್ ವೇಲಿನಲ್ಲಿ ಯಾರದೋ ಮನೆಯ ಹಿಂದಿನ ರೂಮು, ಹೆಂಗಸರ ಲೀಗಿಗೆ ಸೇರಲು ತಿಂಗಳು ತಿಂಗಳೂ ಹಾರ್ಮೋನ್ ಟೆಸ್ಟಿಗೆ ರಕ್ತ, ಫಾರಮ್ಮು, ಮತ್ತೆ ರಕ್ತ, ಲ್ಯಾಬಿನವರಿಗೆ ಇವಳ ರಕ್ತದ ವಿಷಯ ಹೆತ್ತವಳಿಗಿಂತ ಚೆನ್ನಾಗಿ ಗೊತ್ತು, ಇವಳನ್ನು ಆಡಿಸಬೇಡಿ ಅಂತ ಎದುರಾಳಿಗಳ ಸಹಿ ಸಂಗ್ರಹ, ಗ್ಯಾಲರಿಯ ಕೂಗು, ಅದಾದ ಮೇಲೆ ಆಡುವುದಕ್ಕೇ ಸಂಬಳ ಕೊಡುವ ಕಾಂಟ್ರಾಕ್ಟು, ಮೊದಲ ಮ್ಯಾಚಿನಲ್ಲೇ ಬೇಕಂತಲೇ ಬೀಸಿದ ಸ್ಟಿಕ್ಕಿಗೆ ತುಟಿ ಸೀಳಿ ಬಿಳಿ ಐಸಿನ ಮೇಲೆ ಒಂದು ಕೆಂಪು ಹನಿ, ಅಜ್ಜಿಯ ಬೆರಳಿನ ತುದಿಯಷ್ಟೇ ದುಂಡಗೆ, ಆಗಲೂ ನಗುವೇ ಬಂದಿತ್ತು, ಅಜ್ಜಿ ಇರಲಿಲ್ಲ.

ಪರದೆಯ ಪಕ್ಕ ಎರಡು ತಟ್ಟೆ. ಹೋದ ವಾರ ಕಮಿಟಿಯ ಅಪರ್ಣ ಆಂಟಿ ಫೋನಿನಲ್ಲಿ ಜೇನು ಸುರಿಸಿದ್ದರು, ಒಂದು ಡೌಟು ಕಣಮ್ಮ, ಸನ್ಮಾನಕ್ಕೆ ಗಂಡಸರಿಗೆ ಮೈಸೂರು ಪೇಟ, ಹೆಂಗಸರಿಗೆ ಅರಿಶಿನ ಕುಂಕುಮ, ಕಮಿಟೀಲಿ ಎರಡು ವಾರ ಡಿಸ್ಕಷನ್ ಆಯ್ತು, ಎರಡೂ ಮಾಡ್ಬಿಡೋಣ ಅಂತಾಗಿದೆ, ಯಾರಿಗೂ ಬೇಜಾರಾಗೋದು ಬೇಡ — ಬಫೆಯಲ್ಲಿ ಚಪಾತಿನೂ ಇರಲಿ ಅನ್ನನೂ ಇರಲಿ ಅನ್ನೋ ಹಾಗೆ. ಆಗಲೇ ಫೋನ್ ಇಡಬೇಕಿತ್ತು. ಇಡಲಿಲ್ಲ, ಯಾಕೆಂದರೆ ಕುಂಕುಮದ ತಟ್ಟೆ ಹನ್ನೆರಡು ವರ್ಷದಿಂದ ಅಮ್ಮನದು, ಬಂದ ಅತಿಥಿ ಹೆಂಗಸರಿಗೆಲ್ಲ ಇಟ್ಟವಳು ಅವಳೇ, ಅವಳ ಕೈ ಈ ಹಣೆಗೆ ಬರುತ್ತದೋ ಇಲ್ಲವೋ, ನೋಡಬೇಕಾದದ್ದು ಅಷ್ಟೇ, ಮಿಕ್ಕವರು ಹಾಳಾಗಿ ಹೋಗಲಿ. ಅಂಕಲ್ ಪೇಟ ಎತ್ತಿದರು, ಇವಳ ತಲೆಗೆ ಇಳಿಸಿದರು, ದೊಡ್ಡದು, ಹುಬ್ಬಿನವರೆಗೂ ಕುಸಿಯಿತು, ಗೋಂದಿನ ವಾಸನೆ, ಕ್ಯಾಮೆರಾದ ಶಶಿಧರ ಒಮ್ಮೆ ಸರ್ ಅಂದ, ಒಮ್ಮೆ ಮೇಡಂ ಅಂದ, ಇಲ್ನೋಡಿ ಅಂದ, ಅಷ್ಟರಲ್ಲಿ ಮೆಟ್ಟಿಲು ಹತ್ತುವ ಗೊಲಸಿನ ಸದ್ದು, ಅಮ್ಮ, ಕೂದಲು ಇಷ್ಟೊಂದು ಬೆಳ್ಳಗಾಗಿದ್ದು ಯಾವಾಗ, ಕುಂಕುಮಕ್ಕೆ ಅದ್ದಿದ ಬೆರಳು ಮೇಲೆ ಬಂದು ನಿಂತಿತು, ಹಣೆಯೇ ಇಲ್ಲ. ಸಭೆಯಲ್ಲಿ ಕಿಸಕ್ಕೆಂದರು. ಊರ್ಮಿಳಾ, ಸುಮ್ನೆ ತಟ್ಟೆ ಮುಂದೆ ಹಿಡೀರಿ ಸಾಕು, ಅವರೇ ತಗೋತಾರೆ, ಅಂತ ಅಪರ್ಣ ಆಂಟಿ ಪಿಸುಗುಟ್ಟಿದರು, ಹಿಡಿ ಅಮ್ಮಾ, ಇದಕ್ಕೂ ಸರಿ ಅನ್ನು, ಅಭ್ಯಾಸವಿದೆಯಲ್ಲ — ಅಮ್ಮ ತಟ್ಟೆಯನ್ನು ಭಾಷಣದ ಹಾಳೆಗಳ ಮೇಲೆ ಇಟ್ಟಳು, ಎಡಗೈಯಲ್ಲಿ ಪೇಟವನ್ನು ಒಂದೇ ಸಲ ಹಿಂದಕ್ಕೆ ತಳ್ಳಿದಳು, ಅದು ಉರುಳಿತು, ಅಂಕಲ್ ಅದರ ಹಿಂದೆ ಓಡಿದರು, ನಗಬೇಕು, ಈಗಲೇ ನಗಬೇಕು, ನಗು ಬರುತ್ತಿಲ್ಲ, ಹಣೆಗೆ ಗಾಳಿ ತಾಗುತ್ತಿದೆ — ಆಂಟಿ, ಹಾಗೇ ಇರಿ, ಅಲ್ಲಾಡ್ಬೇಡಿ, ಫ್ಲ್ಯಾಶ್ ಬಂದಿಲ್ಲ, ಎಲ್ರೂ ಇಲ್ನೋಡಿ, ಅಂತ ಶಶಿಧರ — ಎಲ್ಲರೂ ಅಲ್ಲಿ ನೋಡಿದರು, ಅಮ್ಮ ನೋಡಲಿಲ್ಲ, ಹಣೆಯನ್ನೇ ನೋಡುತ್ತಾಳೆ, ಒಂದು ಚಿಟಿಕೆ ಉದುರಿತು ಬಿಳಿ ಹಾಳೆಯ ಮೇಲೆ, ಗೇಣು ದೂರದಲ್ಲಿ ಬೆರಳು, ಹತ್ತಿರ ಬರುತ್ತಿದೆ, ಬೆರಳು, ತುದಿಗೆ ಕೆಂಪು, ಬೆರಳು