ನಾನು ಹಿಡಿದ ಗಲ್ಲಗಳು

ಗುರುಪಾದನನ್ನು ಮಣ್ಣು ಮಾಡಿ, ನೆಂಟರೆಲ್ಲ ಊರು ಸೇರಿದ ಮೇಲಿನ ಮೊದಲ ಬೆಳಿಗ್ಗೆ ಅದು. ಹಾಲಿನವನು ಎಂದಿನಷ್ಟೇ ಹಾಲು ಕೊಟ್ಟು ಹೋದ. ಅದನ್ನು ಒಲೆಯ ಮೇಲಿಟ್ಟು ಗುರುಪಾದನ ಹೆಂಡತಿ ನೀಲಗಂಗಾ ನನ್ನ ಎದುರು ಬಂದು ಕುಳಿತಳು. ಹಾಲು ಉಕ್ಕಿತು. ಅವಳು ಏಳಲಿಲ್ಲ.

ನಾನು ಗಲ್ಲದ ಆಸರೆ. ಧಾರವಾಡದ ಬಡಗಿಯೊಬ್ಬ ತೇಗದ ತುಂಡುಗಳಲ್ಲಿ ನನ್ನನ್ನು ಮಾಡಿದ. ಎರಡು ಕಂಬ, ಹಣೆಗೊಂದು ಪಟ್ಟಿ, ಗಲ್ಲ ಊರಲು ಒಂದು ತಗ್ಗು. ವಿಶ್ವವಿದ್ಯಾಲಯದ ಮನಃಶಾಸ್ತ್ರ ವಿಭಾಗದಲ್ಲಿ, ಪರದೆ ನೋಡುವವರ ತಲೆ ಅಲುಗದಂತೆ ಹಿಡಿಯುವುದು ನನ್ನ ಕೆಲಸ. ಗಡ್ಡದ ಗಲ್ಲ, ಪೌಡರಿನ ಗಲ್ಲ, ಹೆದರಿ ನಡುಗುವ ಗಲ್ಲ, ಎಲ್ಲ ಹಿಡಿದೆ. ಪ್ರತಿಯೊಬ್ಬರು ಎದ್ದ ಮೇಲೂ ಅಧ್ಯಾಪಕ ಗುರುಪಾದ ನನ್ನನ್ನು ಹತ್ತಿಯಿಂದ ಒರೆಸುತ್ತಿದ್ದ.

ಅವನು ಹೇಳುತ್ತಿದ್ದ: ಮಿದುಳಿನಲ್ಲಿ ಒಂದು ಜಾಲ ನಾವು ಹುಡುಕುವ ಕಡೆಗೆ ಗಮನವನ್ನು ಹಿಡಿದು ನಿಲ್ಲಿಸುತ್ತದೆ. ಇನ್ನೊಂದು, ಫಕ್ಕನೆ ಮಿನುಗಿದ್ದರ ಕಡೆಗೆ ಎಳೆಯುತ್ತದೆ. ಬ್ರೇಕ್ ಒತ್ತಬೇಕೋ ಬೇಡವೋ ಎಂಬ ತೀರ್ಮಾನ ಈ ಜಗ್ಗಾಟದ ನಡುವೆ ಆಗಬೇಕು. ಕಣ್ಣು ತೆರೆದಿದ್ದರೆ ಸಾಲದು.

ಅವನ ಮನೆಯ ಹತ್ತಿರದ ಕೂಡುರಸ್ತೆಯಲ್ಲಿ ಮಿನುಗುವ ದೊಡ್ಡ ಜಾಹೀರಾತು ಫಲಕ ಎದ್ದಿತು. ಅದು ಎಷ್ಟು ಕಣ್ಣು ಸೆಳೆಯುತ್ತದೆಂದು ಅಳೆಯಲು ಆ ರಸ್ತೆಯ ವಿಡಿಯೊ ಚಿತ್ರ ತೆಗೆದು, ಮುಖ್ಯಸ್ಥ ಕೌಜಲಗಿ ಸರ್ ಅವರಿಂದ ನನ್ನನ್ನು ಕೇಳಿ ಪಡೆದು ಮನೆಗೆ ತಂದ. ಪರೀಕ್ಷೆ ಮಾಡುವವನು ಮೊದಲು ತಾನೇ ಕೂರಬೇಕು. ಅದು ಅವನ ಪದ್ಧತಿ. ಕುಳಿತ. ಬಲಕ್ಕೆ ಫಲಕ ಮಿನುಗಿತು, ಎಡದಿಂದ ಬಂದ ಸ್ಕೂಟರ್ ಅವನ ಕಣ್ಣಿಗೆ ತಪ್ಪಿತು. "ಮಾಡಿದಾಂವಗ ಕಾಣಲಿಲ್ಲ ನೋಡು," ಎಂದು ಹೆಂಡತಿಯನ್ನು ಕರೆದು ನಕ್ಕ. ಒರೆಸುವುದನ್ನು ಮರೆತು ಹೊರಗೆ ಹೋದ.

ಅದೇ ಕೂಡುರಸ್ತೆಯಲ್ಲಿ, ಎಡದಿಂದ ಬಂದ ಅವನ ಸ್ಕೂಟರಿಗೆ ಲಾರಿ ಹೊಡೆಯಿತು. ಕಾಣಲೇ ಇಲ್ಲ ಎಂದ ಚಾಲಕ. ಫಲಕವನ್ನು ಯಾರೂ ಏನೂ ಕೇಳಲಿಲ್ಲ. ಆ ಸಂಜೆಯೂ ಮಿನುಗಿತು, ಈಗಲೂ ಮಿನುಗುತ್ತಿದೆ. ನೆನೆದರೆ ನನಗೆ ಉರಿಯುತ್ತದೆ; ಉರಿ ಎಂದರೇನೆಂದು ಮರಕ್ಕೆ ಯಾರೂ ಹೇಳಿಕೊಡಬೇಕಿಲ್ಲ.

ಹಾಲು ಸೀದ ವಾಸನೆಗೆ ಮೈದುನ ರುದ್ರೇಶ ಒಳಗೆ ಬಂದು ಒಲೆ ಆರಿಸಿದ. ಮೂರು ದಿನದಿಂದ ಮಂದಿ ಆಡಿದ್ದನ್ನೇ ಅವನೂ ಆಡಿದ. "ಊರಿಗೆಲ್ಲ ಗಮನದ ಪಾಠ ಹೇಳಾಂವ, ತಾನ ಗಮನ ಇಟ್ಟು ಹೋಗಲಿಲ್ಲ, ವೈನಿ."

ನೀಲಗಂಗಾ ಎದ್ದು ಅವನನ್ನು ನನ್ನ ಮುಂದೆ ಕೂರಿಸಿದಳು. ಲಾರಿ ನಡೆಸುವವನು ನೀನೇ ಎಂದುಕೋ, ಪರದೆಯಲ್ಲಿ ಸ್ಕೂಟರ್ ಕಂಡ ಕೂಡಲೇ ಈ ಗುಂಡಿ ಒತ್ತು ಎಂದಳು. ಅವನ ಗಲ್ಲವನ್ನು ನಾನು ಗಟ್ಟಿಯಾಗಿಯೇ ಹಿಡಿದೆ. ಚಿತ್ರ ಮುಗಿಯಿತು. ಸ್ಕೂಟರ್ ಎಲ್ಲಿ ಬಂತು ಎಂದು ಅವನೇ ಕೇಳಿದ. ಅವಳು ಮತ್ತೆ ನಿಧಾನವಾಗಿ ತೋರಿಸಿದಳು.

"ಈಗ ನಿಮ್ಮಣ್ಣಗ ನೀನ ಹೊಡದಿ, ರುದ್ರೇಶ."

ಅವನು ಬಹಳ ಹೊತ್ತು ಗಲ್ಲ ತೆಗೆಯಲಿಲ್ಲ. ನನ್ನ ತಗ್ಗು ಒದ್ದೆಯಾಯಿತು.

ಸತ್ತವರ ಮೇಲೆ ಮಂದಿಯ ಸಾಮಾನಿನ ಋಣ ಉಳಿಯಬಾರದು ಎನ್ನುತ್ತಾರೆ. ಅಂದೇ ರುದ್ರೇಶ ನನ್ನನ್ನು ಹೊತ್ತು ಅವಳ ಹಿಂದೆ ವಿಭಾಗಕ್ಕೆ ನಡೆದ. ಅವಸರವೇನಿತ್ತು ಎಂದರು ಕೌಜಲಗಿ ಸರ್.

"ಇದನ್ನ ಮೂಲ್ಯಾಗ ಇಡಬ್ಯಾಡ್ರಿ, ಸರ್. ಆ ಫಲಕ ಇಳಿಯೂತನಕ ಇದರ ಮುಂದ ಮಂದಿನ್ನ ಕೂಡಿಸ್ರಿ. ಅದನ್ನ ಹಚ್ಚಿದವರನ್ನ ಮೊದಲ ಕೂಡಿಸ್ರಿ."

ಹತ್ತಿ ತೆಗೆದುಕೊಂಡು ಕಂಬ ಒರೆಸಿದಳು, ಗಲ್ಲದ ತಗ್ಗು ಒರೆಸಿದಳು. ಹಣೆಯ ಪಟ್ಟಿಯಲ್ಲಿ ಗುರುಪಾದನ ವಿಭೂತಿಯ ಗುರುತು ಇನ್ನೂ ಉಳಿದಿತ್ತು. ಅಲ್ಲಿ ಅವಳ ಕೈ ನಿಂತಿತು.

"ಇದೊಂದು ನೀವು ಒರಸ್ರಿ," ಎಂದು ಹತ್ತಿಯನ್ನು ಸರ್ ಕೈಗಿಟ್ಟಳು.