ತವೆಂಗ್ವ ಭಾವನ ನಡಿಗೆ

ನಮ್ಮಲ್ಲಿ ಸಾವಿನ ಮನೆಯಲ್ಲಿ ನಗಿಸುವ ಕೆಲಸ ಸೊಸೆಯರದು. ಸತ್ತವರ ಬಟ್ಟೆ ತೊಟ್ಟು, ಅವರಂತೆ ಕೆಮ್ಮಿ, ಅವರಂತೆ ಬೈದು, ಅವರ ಜಿಪುಣತನವನ್ನೂ ಕುಡಿತವನ್ನೂ ಅಂಗಳದಲ್ಲಿ ಆಡಿ ತೋರಿಸಬೇಕು. ಆ ಬಟ್ಟೆ ಮೈಮೇಲೆ ಇರುವಷ್ಟು ಹೊತ್ತು ಅವಳು ಸೊಸೆಯಲ್ಲ, ಸತ್ತವನೇ. ಜನ ಅವನ ಹೆಸರು ಹಿಡಿದೇ ಮಾತಾಡಿಸುತ್ತಾರೆ, ಅವಳು ಅವನಾಗಿಯೇ ಉತ್ತರ ಕೊಡಬೇಕು. ಮಂತ್ರಿಯೇ ಬಂದು ಕೂತಿದ್ದರೂ ಬಾಯಿ ಮುಚ್ಚು ಎನ್ನುವಂತಿಲ್ಲ. ಬುಹೆರಾ ಸೀಮೆಯಲ್ಲಿ ಈ ಆಟಕ್ಕೆ ನನ್ನನ್ನು ಬಿಟ್ಟರಿಲ್ಲ ಎಂದು ನಾನಲ್ಲ, ಊರೇ ಹೇಳುತ್ತದೆ. ಮಾವ ಸತ್ತಾಗ ಅವರು ನಶ್ಯ ಏರಿಸುವುದನ್ನು ಆಡಿದ್ದಕ್ಕೆ ಪಾದ್ರಿ ಕೂಡ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಆದರೆ ತವೆಂಗ್ವ ಭಾವ ಸತ್ತಾಗ ನಾನು ಒಲ್ಲೆ ಎಂದೆ.

ಅವರು ನನ್ನ ಗಂಡನ ಅಣ್ಣ. ಮೊದಲು ಮೇಷ್ಟ್ರು, ಆಮೇಲೆ ವಿರೋಧ ಪಕ್ಷದ ಮುಖಂಡ. ಮೂರು ಸಲ ಚುನಾವಣೆಗೆ ನಿಂತರು, ಮೂರು ಸಲವೂ ಸೋಲಿಸಿದರು. "ವೋಟು ನಾವ್ ಹಾಕ್ತೀವಿ, ಎಣಿಸೋರು ಅವ್ರು. ಕೆಲ್ಸ ಸಮನಾಗಿ ಹಂಚ್ಕೊಂಡಿದೀವಿ" ಎಂದು ನಗುತ್ತಿದ್ದರು. ಹೆಂಡತಿ ಎಂದೋ ತೀರಿಹೋಗಿದ್ದರಿಂದ ಹರಾರೆಯಲ್ಲಿ ನಮ್ಮ ಮನೆಯಲ್ಲೇ ಇದ್ದರು.

ನಾಲ್ಕು ವರ್ಷದ ಹಿಂದೆ, ಸಭೆ ಮುಗಿಸಿ ಬರುವಾಗ, ನಂಬರಿಲ್ಲದ ಕಾರಿನಲ್ಲಿ ಬಂದವರು ಅವರನ್ನು ಎತ್ತಿಹಾಕಿಕೊಂಡು ಹೋದರು. ಏಳನೆಯ ದಿನ ರಸ್ತೆ ಪಕ್ಕದ ಚರಂಡಿಯಲ್ಲಿ ಸಿಕ್ಕರು. ಅಂಗಾಲಿಗೆ ಹೊಡೆದಿದ್ದರು, ಏಳು ದಿನವೂ. ಆಮೇಲೆ ಅವರ ಹಿಮ್ಮಡಿ ನೆಲಕ್ಕೆ ಊರಲೇ ಇಲ್ಲ. ಪಾದದ ಹೊರ ಅಂಚಿನ ಮೇಲೆ ಎರಡು ಹೆಜ್ಜೆ ಇಡುವುದು, ಗೋಡೆಯನ್ನೋ ಕುರ್ಚಿಯನ್ನೋ ಹಿಡಿದು ನಿಲ್ಲುವುದು, ಮತ್ತೆರಡು ಹೆಜ್ಜೆ. ಪರದೇಶದ ಪತ್ರಿಕೆಯವರಿಗೆ ಕಾಲು ಚಾಚಿ ಫೋಟೋ ತೆಗೆಸಿಕೊಂಡ ಮನುಷ್ಯ ಒಬ್ಬರಿಂದ ಮಾತ್ರ ಅದನ್ನು ಮುಚ್ಚಿಟ್ಟರು.

"ಅವ್ವಂಗೆ ಗೊತ್ತಾಗ್ಬಾರ್ದು, ಮುಚಾನೆತಾ," ಎಂದು ನನ್ನನ್ನು ಕರೆದು ಹೇಳಿದರು. " ಯಾವತ್ತೂ. ಆಣೆ ಮಾಡು."

ಮಾಡಿದೆ. ಊರಿಗೆ ಹೋದರೆ ಅವ್ವ ನಡಿಗೆ ನೋಡುತ್ತಾಳೆಂದು ಭಾವ ಊರಿಗೇ ಹೋಗಲಿಲ್ಲ. ಬಸ್ಸಿನವನ ಕೈಯಲ್ಲಿ ಸಕ್ಕರೆ, ಕಂಬಳಿ ಕಳಿಸುತ್ತಿದ್ದರು, ಜೊತೆಗೆ 'ಮೀಟಿಂಗ್ ಇದೆ' ಎಂಬ ಚೀಟಿ. ಹಳ್ಳಿಗೆ ಪತ್ರಿಕೆ ಬರುವುದಿಲ್ಲ, ಬರುವುದು ರೇಡಿಯೊ ಒಂದೇ. ಅದರಲ್ಲಿ ತವೆಂಗ್ವ ದೊಡ್ಡ ಹೋಟೆಲುಗಳಲ್ಲಿ ಬಿಳಿಯರ ಜೊತೆ ಉಣ್ಣುತ್ತಿದ್ದಾನೆ ಎಂದು ದಿನಾ ಹೇಳುತ್ತಿದ್ದರು. ಅತ್ತೆ ನಂಬಿದರು. ನಂಬದೆ ಏನು ಮಾಡಿಯಾರು? ಮಗ ಬರಲೇ ಇಲ್ಲವಲ್ಲ.

ಕೊನೆಗೆ ಕಿಡ್ನಿ ಕೈಕೊಟ್ಟು ಭಾವ ಲಾರಿಯಲ್ಲಿ, ಪೆಟ್ಟಿಗೆಯೊಳಗೆ ಊರಿಗೆ ಬಂದರು. ಅಡುಗೆ ಗುಡಿಸಲಿನಲ್ಲಿ ಇಳಿಸಿದೆವು. ಪೆಟ್ಟಿಗೆಯಲ್ಲಿ ಮುಖದ ಹತ್ತಿರ ಮಾತ್ರ ಒಂದು ಕಿಂಡಿ. ಅತ್ತೆ ಬಗ್ಗಿ ನೋಡಿದರು.

"ಈಗ ಬಿಡುವಾಯ್ತೇನೋ ನಿಂಗೆ?"

ಅಷ್ಟೇ. ಒಂದು ಹನಿ ಇಲ್ಲ. ಹೆಂಗಸರು ಗೋಳಾಡುತ್ತಿದ್ದರೆ ಅವರು ಗೋಡೆಗೊರಗಿ ಕೂತು, "ಮನೆಗೆ ಮಾರಿ, ಊರಿಗೆ ಉಪಕಾರಿ. ಊರೇ ಹೂಳ್ಕೊಳ್ಳಿ. ನಾನ್ ಗೋರಿ ಹತ್ರ ಬರಲ್ಲ" ಎಂದುಬಿಟ್ಟರು. ನಮ್ಮಲ್ಲಿ ತಾಯಿಯ ಮುನಿಸು ಹೊತ್ತು ಮಣ್ಣು ಸೇರಿದವನಿಗೆ ಸತ್ತ ಮೇಲೂ ನೆಲೆಯಿಲ್ಲ. ಹೇಳಿದರೆ ಆಣೆ ಮುರಿಯುತ್ತದೆ, ಹೇಳದಿದ್ದರೆ ಭಾವ ಹೀಗೇ ಹೋಗುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ನಾದಿನಿ ಎಸ್ನಾತ್ ಭಾವನ ಕೋಟು, ಟೋಪಿ, ಕನ್ನಡಕ, ಬೂಟು ತಂದು ನನ್ನ ಮಡಿಲಿಗೆ ಹಾಕಿದಳು.

"ಏಳೇ, ಬಿಂಕ ಸಾಕು. ಆಟ ಇಲ್ದೆ ಕಳ್ಸಕ್ಕೆ ಅವ್ನೇನು ಅನಾಥ್ನಾ?"

ಎದ್ದೆ. ನಿಂತಲ್ಲೇ ನಿಂತು ಭಾಷಣ ಒಂದನ್ನು ಆಡಿ ಮುಗಿಸೋಣ ಎಂದುಕೊಂಡೆ. ಕೋಟಿನ ತೋಳು ಮಡಚಿ, ಕನ್ನಡಕ ಹಣೆಗೇರಿಸಿ, "ಬಂಧುಗಳೇ, ಎರಡೇ ಮಾತು" ಎಂದೆ. ಭಾವನ ಎರಡು ಮಾತು ಎರಡು ಗಂಟೆ ಹಿಡಿಯುತ್ತಿದ್ದದ್ದು ಎಲ್ಲರಿಗೂ ಗೊತ್ತು. ಅಂಗಳ ಗೊಳ್ಳೆಂದಿತು.

"ಸಾಕು ಮೇಷ್ಟ್ರೇ, ಸಾಡ್ಜಾ ಮುದ್ದೆ ಆರ್ತಿದೆ, ಊಟಕ್ಕೆ ನಡೀರಿ!" ಎಂದು ಯಾರೋ ಕೂಗಿದರು. ನಗು ಕೇಳಿದರೆ ನನಗೆ ಮೈಮೇಲೆ ಎಚ್ಚರವಿರುವುದಿಲ್ಲ. ನಡೆದೆ. ನಾಲ್ಕು ವರ್ಷ ದಿನವೂ ನಾನು ನೋಡಿದ್ದು ಒಂದೇ ನಡಿಗೆ, ನನ್ನ ಕಾಲಿಗೆ ಬಂದದ್ದೂ ಅದೇ. ಅಂಚಿನ ಮೇಲೆ ಎರಡು ಹೆಜ್ಜೆ, ಕಂಬ ಹಿಡಿದು ನಿಂತೆ, ಮತ್ತೆರಡು ಹೆಜ್ಜೆ.

ಕೆಲವರು ಕುಡುಕನ ಆಟವೆಂದು ನಕ್ಕರು. ಅತ್ತೆ ಗುಡಿಸಲಿನಿಂದ ಹೊರಗೆ ಬಂದು ನಿಂತಿದ್ದು ನನಗೆ ಕಂಡಾಗ ತಡವಾಗಿತ್ತು.

"ಅದ್ಯಾರ ನಡಿಗೆ? ನನ್ ಮಗ ಹಂಗ್ ನಡೀತಿರ್ಲಿಲ್ಲ. ಅವ್ನ್ ಹೆಜ್ಜೆ ಹೊಳೆ ಆಚೆಯಿಂದ್ಲೇ ಕೇಳಿಸ್ತಿತ್ತು."

ನನ್ನ ಗಂಡ ತಲೆ ತಗ್ಗಿಸಿದ. ಅತ್ತೆ ಅವನನ್ನು ನೋಡಿದರು, ನನ್ನ ಬೂಟನ್ನು ನೋಡಿದರು, ಆಮೇಲೆ ನನ್ನ ಮುಂದೆ ಬಂದು ನಿಂತರು. ಮಾತಾಡಿಸಿದ್ದು ನನ್ನನ್ನಲ್ಲ.

"ತವೆಂಗ್ವ, ಕಾಲಿಗೆ ಏನಾಯ್ತೋ?"

ನಾನು ಭಾವನಾಗಿಯೇ ಉತ್ತರಿಸಬೇಕು. ಅವರಾಗಿದ್ದರೆ ಏನು ಹೇಳುತ್ತಿದ್ದರೋ ಅದೇ ಬಾಯಿಗೆ ಬಂತು.

"ಏನಿಲ್ಲವ್ವಾ. ಎಡವಿದ್ದೆ."

ಅತ್ತೆ ಅಂಗಳದ ಮಣ್ಣಿನಲ್ಲಿ ಕುಸಿದು ಕೂತರು. ಅತ್ತೆಯಾದವರು ಸೊಸೆಯ ಕಾಲು ಮುಟ್ಟುವುದುಂಟೇ? ಅವರು ನನ್ನನ್ನು ಎಳೆದು ಕೂರಿಸಿ ಬೂಟು ಬಿಚ್ಚಿದರು, ಎರಡೂ ಪಾದಗಳನ್ನು ಮಡಿಲಿಗಿಟ್ಟುಕೊಂಡು ಅಂಗಾಲನ್ನು ಹೆಬ್ಬೆರಳಿನಿಂದ ಮೆಲ್ಲಗೆ ತೀಡತೊಡಗಿದರು.

"ನಾಲ್ಕು ವರ್ಷ. ಇದನ್ನ್ ಮುಚ್ಚಾಕಕ್ಕೆ ನಾಲ್ಕು ವರ್ಷ ಬರ್ಲಿಲ್ವಾ? ಈ ಕಾಲು ಮಾಡಿದ್ದು ನಾನು ಕಣೋ. ಮುರ್ದಿದ್ರೂ ನಂಗೆ ತಂದ್ ತೋರಿಸ್ಬೇಕಿತ್ತು ಕಣೋ."

ಆಗ ಅತ್ತರು. ಅಂಥ ಅಳುವನ್ನು ನಾನು ಯಾವ ಸಾವಿನ ಮನೆಯಲ್ಲೂ ಕೇಳಿಲ್ಲ. ನನಗೂ ಅಳು ಬಂತು, ಕೋಟು ಬಿಚ್ಚುವುದು ಕೂಡ ನೆನಪಾಗಲಿಲ್ಲ. ಆಣೆ ಉಳಿಯಿತೋ ಮುರಿಯಿತೋ, ಭಾವನನ್ನೇ ಕೇಳಬೇಕು.

ಬಿಸಿಲು ಇಳಿದ ಮೇಲೆ ಗಂಡಸರು ಪೆಟ್ಟಿಗೆ ಎತ್ತಿದರು. ಗೋರಿಯ ದಾರಿ ಕಲ್ಲಿನದು, ಹೊತ್ತವರು ಅವಸರ ಮಾಡುತ್ತಿದ್ದರು. ಬರುವುದಿಲ್ಲ ಎಂದಿದ್ದ ಅತ್ತೆ ಅವರ ಸಮಕ್ಕೆ ಓಡುತ್ತ ಬಂದು ಪೆಟ್ಟಿಗೆಯ ಹಿಂತುದಿಗೆ ಕೈಯಾನಿಸಿದರು.

"ಕಾಲ್ ಕಡೆ ಹಿಡ್ದಿರೋರು ಮೆಲ್ಲಗೆ ಕಣ್ರಪ್ಪಾ. ಅವ್ನಿಗೆ ನೋವಾಗುತ್ತೆ."